ಐಜ್ವಾಲಿನ ಒಂದು ಹಿಡಿ ಅಕ್ಕಿ: ಅಮ್ಮನ ಜೊತೆ ಮಿಜೋರಾಂನಲ್ಲಿ ಆರು ದಿನ

ಅಕ್ಟೋಬರ್ ಕೊನೇ ವಾರ ಅಮ್ಮನ್ನ ಕರ್ಕೊಂಡು ಮಿಜೋರಾಂಗೆ ಹೋಗಿ ಬಂದೆ. ಅಷ್ಟು ದೂರ ಹೋಗಿ ಅಲ್ಲಿ ನೋಡ್ಲಿಕ್ಕೆ ಎಂಥ ಉಂಟು ಅಂತ ಎಲ್ಲರೂ ಕೇಳಿದ್ರು. ನಿಜ ಹೇಳ್ಬೇಕಂದ್ರೆ ನಾವು ಹೋಗಿದ್ದು ಒಂದು ಅಡುಗೆಮನೆ ನೋಡ್ಲಿಕ್ಕೆ.

ಕೆಲವು ವರ್ಷದ ಹಿಂದೆ ಮಿಜೋರಾಂ ರಾಜಧಾನಿ ಐಜ್ವಾಲಿನ ಹುಡುಗಿಯೊಬ್ಬಳು ಮಂಗಳೂರಿಗೆ ನರ್ಸಿಂಗ್ ಓದ್ಲಿಕ್ಕೆ ಬಂದಿದ್ಲು. ನಾಲ್ಕು ವರ್ಷ ನಮ್ಮ ಚರ್ಚಿಗೇ ಬರ್ತಿದ್ದದ್ದು, ಆರಾಧನೆ ಮುಗಿದ ಮೇಲೆ ಹಾಸ್ಟೆಲ್ ಊಟ ಬೇಡ ಅಂತ ಅಮ್ಮ ಮನೆಗೆ ಕರೀತಿದ್ರು. ಒಂದು ಸಲ ಅಮ್ಮ ಅಕ್ಕಿ ತೊಳೀಲಿಕ್ಕೆ ನೀರು ಹಾಕ್ಬೇಕು ಅನ್ನುವಾಗ ಅವಳು ಅಮ್ಮನ ಕೈ ಹಿಡಿದು "ಆಂಟಿ, ನಮ್ಮ ಮನೇಲಿ ಫಸ್ಟ್ ದೇವರಿಗೆ" ಅಂದ್ಲಂತೆ. ಅಮ್ಮನಿಗೆ ಆ ಕ್ಷಣ ಅಜ್ಜಿ ನೆನಪಾದ್ರು. ಮೂಲ್ಕಿಲಿ ಅಜ್ಜಿ ಮನೇಲಿ ಅಕ್ಕಿ ಮುಡಿ ಪಕ್ಕ ಒಂದು ಮಣ್ಣಿನ ಕುಡಿಕೆ ಇತ್ತು, ದಿನಾ ಕುಚ್ಚಲಕ್ಕಿ ಅಳೆದ ಮೇಲೆ ಒಂದು ಹಿಡಿ ಅದಕ್ಕೆ ಹಾಕ್ತಿದ್ರು, ತುಂಬಿದ ಮೇಲೆ ಚರ್ಚಿಗೋ ಇಲ್ಲಾ ಹಿಂದಿನ ಓಣಿಯ ಒಬ್ಬ ವಿಧವೆಗೋ ಹೋಗ್ತಿತ್ತು. ಅಜ್ಜಿ ಹೋದ್ರು, ಕುಡಿಕೆ ಎಲ್ಲಿ ಹೋಯ್ತೋ ಗೊತ್ತಿಲ್ಲ. ಅಮ್ಮ ಕುಕ್ಕರ್ ಕಾಲದವರು, ನಾನು ಕಪ್ಪಲ್ಲಿ ಅಳೆಯೋಳು. ನನ್ನ ಕಾಣಿಕೆ ಪ್ರತಿ ತಿಂಗಳು 5ನೇ ತಾರೀಕು ಅಕೌಂಟಿಂದ ತಾನೇ ಕಟ್ ಆಗ್ತದೆ, ಮೆಸೇಜ್ ಬರ್ತದೆ, ಅದನ್ನ ಓದೋದೂ ಇಲ್ಲ. ಆ ಹುಡುಗಿ ಊರಿಗೆ ವಾಪಸ್ ಹೋಗಿ ಕೆಲಸಕ್ಕೆ ಸೇರಿದ ಮೇಲೆ ವರ್ಷಾ ವರ್ಷಾ ಕರೀತಿದ್ಲು. ಹೆಸರು ಹಾಕ್ಬೇಡಿ ಅಕ್ಕಾ ಅಂದಿದ್ದಾಳೆ, ಅದಕ್ಕೆ ಇಲ್ಲಿ ತಂಗಿ ಅಂತಲೇ ಬರೀತೇನೆ.

ದಿನ 1, ಶುಕ್ರವಾರ

ಕೋಲ್ಕತ್ತಾ ಮೇಲೆ ಲೆಂಗ್‌ಪುಯಿ ಏರ್‌ಪೋರ್ಟ್. ನಮ್ಮ ಮಂಗಳೂರಿನ ಬಜ್ಪೆ ಏರ್‌ಪೋರ್ಟ್ ಹಾಗೇ ಗುಡ್ಡದ ತಲೆ ಕಡಿದು ಮಾಡಿದ ರನ್‌ವೇ, ಇಳಿಯುವಾಗ ಎರಡೂ ಕಡೆ ಕಣಿವೆ ಕಂಡು ಅಮ್ಮ ನನ್ನ ಕೈ ಗಟ್ಟಿ ಹಿಡ್ಕೊಂಡಿದ್ರು. ಹೊರಗಿನವರಿಗೆ ಇನ್ನರ್ ಲೈನ್ ಪರ್ಮಿಟ್ ಬೇಕು, ಅದನ್ನ ಏರ್‌ಪೋರ್ಟಲ್ಲೇ ಮಾಡಿಸ್ಬಹುದು, ಆದ್ರೆ ಪಾಸ್‌ಪೋರ್ಟ್ ಸೈಜ್ ಫೋಟೊ, ಆಧಾರ್ ಜೆರಾಕ್ಸ್ ಹ್ಯಾಂಡ್‌ಬ್ಯಾಗಲ್ಲೇ ಇರಲಿ, ನಾನು ದೊಡ್ಡ ಬ್ಯಾಗಲ್ಲಿ ಹಾಕಿ ಅದು ಬರೋವರೆಗೆ ಕಾದು ಎಲ್ಲರಿಗಿಂತ ಕೊನೆಗೆ ಹೊರಗೆ ಬಂದದ್ದು.

ಅಲ್ಲಿಂದ ಐಜ್ವಾಲ್ ಮೂವತ್ತು ಚಿಲ್ಲರೆ ಕಿಲೋಮೀಟರ್ ಅಷ್ಟೇ, ಆದ್ರೆ ಒಂದೂವರೆ ಗಂಟೆ ಹಿಡೀತು, ರಸ್ತೆ ಪೂರ್ತಿ ತಿರುವು, ಮಳೆಗೆ ಕುಸಿದ ಜಾಗ ಅಲ್ಲಲ್ಲಿ. ದಾರೀಲಿ ಸಾಯರಂಗ್ ಸಿಗ್ತದೆ. 1894ರ ಜನವರಿ 11ಕ್ಕೆ ಲೊರೈನ್, ಸ್ಯಾವಿಜ್ ಅನ್ನೋ ಇಬ್ಬರು ಮಿಷನರಿಗಳು ದೋಣಿಯಲ್ಲಿ ಬಂದು ಇಳಿದ ಜಾಗ ಅದು. ಮಿಜೋ ಭಾಷೆಗೆ ಲಿಪಿ ಮಾಡಿಕೊಟ್ಟದ್ದೂ ಅವರೇ. ಮಂಗಳೂರಿಗೆ ಬಾಸೆಲ್ ಮಿಷನ್‌ನವರು ಬಂದದ್ದು 1834ರಲ್ಲಿ, ಅಂದ್ರೆ ನಮಗಿಂತ ಅರುವತ್ತು ವರ್ಷ ತಡವಾಗಿ ಇಲ್ಲಿಗೆ ಸುವಾರ್ತೆ ಬಂತು, ಈಗ 2011ರ ಜನಗಣತಿ ಪ್ರಕಾರ ನೂರಕ್ಕೆ 87 ಜನ ಕ್ರೈಸ್ತರು. 2025ರ ಸೆಪ್ಟೆಂಬರಿಂದ ಸಾಯರಂಗ್‌ವರೆಗೆ ರೈಲೂ ಉಂಟು.

ಐದು ಗಂಟೆಗೇ ಕತ್ತಲೆ! ಇದು ಗೊತ್ತಿರಲಿ, ಅಲ್ಲಿ ಎಲ್ಲ ಕೆಲಸ ಬೆಳಿಗ್ಗೆ ಬೇಗ ಶುರು ಮಾಡ್ಬೇಕು. ಬೆಟ್ಟದ ಮೈಮೇಲೆಲ್ಲ ದೀಪ, ಕೆಳಗಿಂದ ಮೇಲಿನವರೆಗೆ ಮನೆ ಮೇಲೆ ಮನೆ. ತಂಗಿ ಮನೆಗೆ ರಸ್ತೆಯಿಂದ ಎಪ್ಪತ್ತೆಂಟು ಮೆಟ್ಟಿಲು ಇಳೀಬೇಕಿತ್ತು, ಅಮ್ಮನ ಮಂಡಿ ನೋವು ನೋಡಿ ಪಕ್ಕದ ಮನೆ ಹುಡುಗರಿಬ್ಬರು ಕೇಳದೇನೇ ಬಂದು ಬ್ಯಾಗ್ ಹೊತ್ಕೊಂಡು ಹೋಗಿ ಇಟ್ಟು ನಮ್ಮ ಥ್ಯಾಂಕ್ಸಿಗೂ ಕಾಯದೆ ಹೋದ್ರು.

ತಂಗಿ ಅಜ್ಜಿ ಆಗಲೇ ಅಡುಗೆಗೆ ನಿಂತಿದ್ರು, ವಯಸ್ಸು ಎಪ್ಪತ್ತೈದರ ಹತ್ತಿರ. ತಗಡಿನ ಡಬ್ಬಿಯಲ್ಲಿ ನಾಲ್ಕು ಅಳತೆ ಅಕ್ಕಿ ಪಾತ್ರೆಗೆ ಹಾಕಿದ್ರು. ಆಮೇಲೆ ನೀರು ಮುಟ್ಟೋ ಮೊದಲು ಒಣ ಕೈ ಪಾತ್ರೆಗೆ ಇಳಿಸಿ ಒಂದು ಹಿಡಿ ತೆಗೆದು ಕಿಟಕಿ ಹತ್ತಿರದ ಹಾಲಿನ ಪುಡಿ ಡಬ್ಬಿ ಮೇಲೆ ಕೈ ಬಿಚ್ಚಿದ್ರು. ಕಣ್ಣು ಮುಚ್ಚಲಿಲ್ಲ, ಪ್ರಾರ್ಥನೆ ಹೇಳಲಿಲ್ಲ, ಮೊಮ್ಮಗಳ ಹತ್ತಿರ ಏನೋ ಮಾತಾಡ್ತಲೇ ಇದ್ರು. ಅಂಗೈಗೆ ಅಂಟಿದ ನಾಲ್ಕು ಕಾಳು ಇತ್ತಲ್ಲ, ಅದನ್ನ ಹೆಬ್ಬೆರಳಲ್ಲಿ ಉಜ್ಜಿ ಅದೇ ಡಬ್ಬಿಗೆ ಹಾಕಿದ್ರು, ಪಾತ್ರೆಗಲ್ಲ. ನನಗೆ ಗಂಟಲು ಕಟ್ಟಿತು. ಅಮ್ಮ ಮಾತ್ರ ಸೀದಾ ಲೆಕ್ಕಕ್ಕೆ ಬಂದ್ರು, "ಕೇಳು ಮಾರಾಯ್ತಿ, ದೊಡ್ಡ ಹಿಡಿಯೋ ಸಣ್ಣ ಹಿಡಿಯೋ?" ತಂಗಿ ಕೇಳಿ ಹೇಳಿದ್ಲು, ಯಾರು ಅಡುಗೆ ಮಾಡ್ತಾರೋ ಅವರ ಕೈ, ಮಗು ಮಾಡಿದ್ರೆ ಮಗುವಿನ ಕೈ.

ಇದಕ್ಕೆ ಅವರು ಬುಫಾಯ್ ಥಾಮ್ ಅಂತಾರೆ, ಬುಫಾಯ್ ಅಂದ್ರೆ ಅಕ್ಕಿ, ಥಾಮ್ ಅಂದ್ರೆ ಹಿಡಿ. 1910ರಿಂದ ನಡ್ಕೊಂಡು ಬಂದದ್ದು. ಕೈಯಲ್ಲಿ ಕಾಸಿಲ್ಲದ ಗುಡ್ಡದ ಹೆಂಗಸರು ಸಭೆಗೆ, ಅಂದ್ರೆ ಚರ್ಚಿಗೆ, ಕೊಡ್ಲಿಕ್ಕೆ ತಮ್ಮ ಹತ್ತಿರ ಇದ್ದ ಒಂದೇ ವಸ್ತು ಹಿಡ್ಕೊಂಡು ಶುರು ಮಾಡಿದ್ದು.

ಊಟಕ್ಕೆ ಅನ್ನ, ಬಾಯ್ ಅನ್ನೋ ಸೊಪ್ಪಿನ ಬೇಯಿಸಿದ ಪದಾರ್ಥ, ಹೊಗೆಗೆ ಒಣಗಿಸಿದ ಹಂದಿ ಮಾಂಸ, ಹಸಿಮೆಣಸಿನ ಚಟ್ನಿ. ಎಣ್ಣೆ ಇಲ್ಲ, ಮಸಾಲೆ ಇಲ್ಲ. ಕಣಿಲೆ, ಅಂದ್ರೆ ಎಳೆ ಬಿದಿರು, ಬಾಯಿಗೆ ಸಿಕ್ಕಿದ ಕೂಡ್ಲೆ ಅಮ್ಮನ ಮುಖ ಅರಳಿತು, ನಮ್ಮೂರಿಂದೇ ಅಂದ್ರು.

ದಿನ 2, ಶನಿವಾರ

ಬೆಳಿಗ್ಗೆ ಕಿಟಕಿ ತೆಗೆದ್ರೆ ಕೆಳಗೆ ಮೋಡದ ಸಮುದ್ರ, ಗುಡ್ಡದ ತುದಿಗಳು ಮಾತ್ರ ದ್ವೀಪದ ಹಾಗೆ. ಅದನ್ನ ನೋಡ್ತಾ ನೋಡ್ತಾ ನಾನು ಮಾಡಿದ ತಪ್ಪು ಅಂದ್ರೆ ಊರಲ್ಲಿ ಮಾಡೋ ಹಾಗೆ ಧಾರಾಳವಾಗಿ ತಲೆ ಸ್ನಾನ ಮಾಡಿದ್ದು, ಅಮ್ಮಂದೂ ಆಯ್ತು. ಹೊರಗೆ ಬಂದಾಗ ತಂಗಿ ತಮ್ಮ ಡ್ರಮ್ಮಿಗೆ ಬಗ್ಗಿ ನೋಡ್ತಿದ್ದ. ಐಜ್ವಾಲಿನಲ್ಲಿ ನಲ್ಲಿ ನೀರು ದಿನಾ ಬರಲ್ಲ, ಮಾಡಿನ ಮಳೆ ನೀರು ಹಿಡಿದು ಟ್ಯಾಂಕಲ್ಲಿ ಇಟ್ಟು ಅಳೆದು ಬಳಸ್ತಾರೆ, ನಾವಿಬ್ರು ಮನೆಯ ಎರಡು ದಿನದ ನೀರು ಒಂದು ಗಂಟೇಲಿ ಮುಗಿಸಿದ್ವಿ. ಒಬ್ಬರೂ ಒಂದು ಮಾತು ಹೇಳಲಿಲ್ಲ. ಪಕ್ಕದ ಮನೆಯವರು ಎರಡು ಕೊಡ ತಂದು ಇಟ್ಟು ಹೋದ್ರು. ಆಮೇಲೆ ಉಳಿದ ದಿನವೆಲ್ಲ ಒಂದು ಬಕೆಟ್ಟಲ್ಲಿ ಅರ್ಧ ನನಗೆ ಅರ್ಧ ಅಮ್ಮನಿಗೆ. ಹೋಗೋರು ಮೊದಲೇ ನೀರಿನ ಬಗ್ಗೆ ಕೇಳಿಕೊಳ್ಳಿ.

ಬಡಾ ಬಜಾರ್ ತುಂಬ ಹೆಂಗಸರ ವ್ಯಾಪಾರ. ಸೊಪ್ಪು, ಒಣ ಮೀನು, ಸೀಮೆಬದನೆ ರಾಶಿ ರಾಶಿ. ಒಂದು ವಿಷಯ ಪ್ರಾಮಾಣಿಕವಾಗಿ ಹೇಳ್ಬೇಕು, ಸರಳ ಜೀವನದ ಊರು ಅಂತ ನಾನು ಮನಸ್ಸಲ್ಲಿ ಬೇರೆಯೇ ಚಿತ್ರ ಕಟ್ಕೊಂಡು ಹೋಗಿದ್ದೆ. ಐಜ್ವಾಲಿನ ಹುಡುಗ ಹುಡುಗಿಯರ ಬಟ್ಟೆ, ಶೂ, ಕೂದಲು ನೋಡಿದ್ರೆ ಬೆಂಗಳೂರು ಸಪ್ಪೆ. ಚಂದ ಉಡ್ತಾರೆ, ಚಂದ ಇಟ್ಕೊಳ್ತಾರೆ. ಅವರ ಸರಳತೆ ಇರೋದು ಬೇರೆ ಕಡೆ, ಅದು ನನಗೆ ಸೋಮವಾರ ಗೊತ್ತಾಯ್ತು. ಇನ್ನೊಂದು, ಅಷ್ಟು ಇಕ್ಕಟ್ಟಿನ ರಸ್ತೇಲಿ ಹಾರ್ನ್ ಸದ್ದೇ ಇಲ್ಲ, ಕಾರು ಒಂದು ಸಾಲು, ಸ್ಕೂಟರ್ ಒಂದು ಸಾಲು, ಯಾರೂ ನುಗ್ಗಲ್ಲ. ಬೇಕಾದ್ದೆಲ್ಲ ಶನಿವಾರವೇ ತಗೊಳ್ಳಿ, ಭಾನುವಾರ ಅಂಗಡಿ, ಹೋಟೆಲ್ ಎಲ್ಲ ಬಂದ್, ಟ್ಯಾಕ್ಸಿ ಸಿಗೋದೂ ಕಷ್ಟ.

ಸಂಜೆ ಬಾಗಿಲಲ್ಲಿ ಇಬ್ಬರು ಹೆಂಗಸರು. ಒಬ್ಬರ ಕೈಲಿ ಚೀಲ, ಇನ್ನೊಬ್ಬರ ಕೈಲಿ ನೋಟ್‌ಬುಕ್. ಸಭೆಯ ಮಹಿಳಾ ಸಂಘದವರು, ವಾರದ ಅಕ್ಕಿ ತಗೊಂಡು ಹೋಗ್ಲಿಕ್ಕೆ ಬಂದದ್ದು. ಅಜ್ಜಿ ಹಾಲಿನ ಪುಡಿ ಡಬ್ಬಿ ಅವರ ಚೀಲಕ್ಕೆ ಸುರಿದು ತಳ ತಟ್ಟಿದ್ರು. ನಾಲ್ಕು ಮಾತು, ಒಂದು ನಗು, ಅಮ್ಮನ ಕೈ ಕುಲುಕಿದ್ರು, ಮುಂದಿನ ಮನೆ. ನಾನೂ ಅಮ್ಮನೂ ಅವರ ಹಿಂದೆ ಹೋಗ್ಬಹುದಾ ಅಂತ ಕೇಳಿ ಹನ್ನೊಂದು ಮನೆ ತಿರುಗಿದ್ವಿ. ಒಂದು ಮನೇಲಿ ಪ್ಲಾಸ್ಟಿಕ್ ಡಬ್ಬ ತುಂಬಿ ತುಳುಕ್ತಿತ್ತು, ಇನ್ನೊಂದ್ರಲ್ಲಿ ತಳದಲ್ಲಿ ಎರಡು ಹಿಡಿ, ಆ ಮನೆ ಗಂಡಸಿಗೆ ಹುಷಾರಿಲ್ಲ, ಕೆಲಸ ಇಲ್ಲ. ಚೀಲ ಹಿಡಿದ ಹೆಂಗಸು ಎರಡನ್ನೂ ಒಂದೇ ಥರ ಸುರಿದುಕೊಂಡ್ರು, ಒಂದೇ ಥರ ಕಾ ಲೋಮ್ ಎ ಅಂದ್ರು, ಅಂದ್ರೆ ಥ್ಯಾಂಕ್ಯೂ. ಒಟ್ಟು ಸೇರಿದ ಅಕ್ಕಿಯನ್ನ ಮಾರಿ ಬಂದ ದುಡ್ಡು ಸಭೆಯ ಕೆಲಸಕ್ಕೆ, ಬೇರೆ ರಾಜ್ಯದಲ್ಲಿ ಸೇವೆ ಮಾಡೋ ಮಿಜೋ ಮಿಷನರಿಗಳಿಗೆ ಹೋಗ್ತದೆ. ಒಂದು ಕಾಲಕ್ಕೆ ವೇಲ್ಸ್‌ನಿಂದ ದುಡ್ಡು ಬರ್ತಿದ್ದ ಸಭೆ ಈಗ ಇಂಥ ಡಬ್ಬಿಗಳಿಂದ ಬೇರೆಯವರನ್ನ ಸಾಕ್ತದೆ.

ದಿನ 3, ಭಾನುವಾರ

ಬೆಳಿಗ್ಗೆ ಸಂಡೇ ಸ್ಕೂಲ್. ನಮ್ಮಲ್ಲಿ ಹಾಗೆ ಮಕ್ಕಳಿಗೆ ಮಾತ್ರ ಅಲ್ಲ, ಎಪ್ಪತ್ತು ವರ್ಷದವರೂ ತಮ್ಮ ಕ್ಲಾಸಿಗೆ ಪುಸ್ತಕ ಹಿಡ್ಕೊಂಡು ಹೋಗ್ತಾರೆ. ಅಜ್ಜಿ ಚಂದದ ಪುಆನ್, ಅಂದ್ರೆ ಸೊಂಟಕ್ಕೆ ಸುತ್ತೋ ಬಟ್ಟೆ, ಉಟ್ಟಿದ್ರು, ಗಂಡಸರು ಕೋಟು ಟೈ. ಮಧ್ಯಾಹ್ನದ ಆರಾಧನೇಲಿ ಗಂಡಸರು ಒಂದು ಕಡೆ ಹೆಂಗಸರು ಒಂದು ಕಡೆ, ನಾವು ಅಜ್ಜಿ ಪಕ್ಕ. ಭಾಷೆ ಒಂದಕ್ಷರ ಗೊತ್ತಾಗಲಿಲ್ಲ, ಅಮ್ಮ ತಮ್ಮ ಕನ್ನಡ ಬೈಬಲ್ ಬಿಚ್ಚಿ ಒಂದನೇ ಅರಸುಗಳು 17ನೇ ಅಧ್ಯಾಯ ತೋರಿಸಿ "ಇದು ಓದು" ಅಂದ್ರು. ಬರಗಾಲದಲ್ಲಿ ಎಲೀಯ ಅನ್ನೋ ಪ್ರವಾದಿ ಹೋಗಿ ರೊಟ್ಟಿ ಕೇಳಿದ ವಿಧವೆ, ಅವಳ ಹತ್ತಿರ ಇದ್ದದ್ದು ಮಡಕೇಲಿ ಒಂದು ಹಿಡಿ ಹಿಟ್ಟು, ಸ್ವಲ್ಪ ಎಣ್ಣೆ, ಮಗನಿಗೂ ತನಗೂ ಕೊನೇ ರೊಟ್ಟಿ ಮಾಡ್ಲಿಕ್ಕೆ ಸೌದೆ ಆರಿಸ್ತಿದ್ದವಳು. ಎಷ್ಟು ಸಲ ಕೇಳಿದ ಕಥೆ, ಆದ್ರೆ ಹಿಡಿ ಅನ್ನೋ ಶಬ್ದದ ಮೇಲೆ ನನ್ನ ಕಣ್ಣು ನಿಂತದ್ದು ಅವತ್ತೇ.

ರಾತ್ರಿ ಹಾಡು. ಖುಆಂಗ್ ಅನ್ನೋ ಡೋಲು ಬಾರಿಸ್ತಾ ನಿಧಾನಕ್ಕೆ ಹಾಡ್ತಾರೆ, ದುಃಖವೂ ಅಲ್ಲ ಸಂತೋಷವೂ ಅಲ್ಲದ ಒಂದು ರಾಗ, ಕೆಲವರು ಎದ್ದು ಸುತ್ತ ಹೆಜ್ಜೆ ಹಾಕಿದ್ರು.

ಮನೆಗೆ ಬಂದು ಚಹಾ ಕುಡೀವಾಗ ಅಮ್ಮ ಅಜ್ಜಿಗೆ ಒಂದು ಪ್ರಶ್ನೆ ಕೇಳಿದ್ರು, ಮನೇಲಿ ಅಕ್ಕಿಯೇ ಇಲ್ಲದಿದ್ರೆ ಏನು ಹಾಕ್ತೀರಿ ಅಂತ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ 1959ರ ಮೌತಾಮ್ ಅನ್ನೋ ಬರಗಾಲದ ಕಥೆ ಹೇಳಿದ್ರು, ತಂಗಿ ಅರ್ಧ ಇಂಗ್ಲಿಷ್ ಅರ್ಧ ಕನ್ನಡದಲ್ಲಿ ನಮಗೆ ಹೇಳ್ತಾ ಹೋದ್ಲು. ಸುಮಾರು 48 ವರ್ಷಕ್ಕೊಮ್ಮೆ ಅಲ್ಲಿ ಬಿದಿರು ಹೂ ಬಿಡ್ತದೆ, ಬಿದಿರಕ್ಕಿ ತಿಂದು ಇಲಿಗಳು ಲೆಕ್ಕ ಇಲ್ಲದಷ್ಟು ಆಗ್ತವೆ, ಆಮೇಲೆ ಗದ್ದೆಗೆ, ಕಣಜಕ್ಕೆ ಬೀಳ್ತವೆ. ಅಜ್ಜಿಗೆ ಆಗ ಎಂಟೋ ಒಂಬತ್ತೋ. ಕಾಡಿನ ಗೆಡ್ಡೆ ಅಗೆದು ತಿಂದ ದಿನಗಳು. ಅವರಮ್ಮ ಗೆಡ್ಡೆ ಬೇಯಿಸೋ ಮೊದಲು ಒಂದು ತುಂಡು ತೆಗೆದು ಡಬ್ಬಿಗೆ ಹಾಕ್ತಿದ್ರಂತೆ. ಗೆಡ್ಡೆ ಇಟ್ಟರೆ ಕೊಳೆತು ಹೋಗ್ತದೆ, ಮಾರ್ಲಿಕ್ಕೂ ಆಗಲ್ಲ. ಅದಕ್ಕೆ ಸಂಜೆ ಒಳಗೆ ಆ ತುಂಡನ್ನ ನಮಗಿಂತ ಹೆಚ್ಚು ಹಸಿದ ಮನೆಗೆ ಕೊಟ್ಟು ಬಾ ಅಂತ ಈ ಅಜ್ಜಿಯನ್ನೇ ಕಳಿಸ್ತಿದ್ರು. "ದಾರೀಲಿ ತಿಂದುಬಿಡೋಣ ಅನ್ನಿಸ್ತಿತ್ತು" ಅಂದ್ರು ಅಜ್ಜಿ. ಒಂದು ಸಲ ತಿಂದೂ ಬಿಟ್ಟರಂತೆ. ಅಷ್ಟು ಹೇಳಿ ಲೋಟ ಎತ್ಕೊಂಡು ಒಳಗೆ ಹೋದ್ರು. ಅರುವತ್ತೈದು ವರ್ಷ ದಾಟಿದೆ, ಆ ತುಂಡು ಇನ್ನೂ ಅವರ ಎದೇಲಿ ಉಂಟು.

ದಿನ 4, ಸೋಮವಾರ

ರೆಯೆಕ್ ಬೆಟ್ಟಕ್ಕೆ ಹೋಗೋ ಪ್ಲಾನ್ ಇತ್ತು. ಬೆಳಿಗ್ಗೆ ಓಣಿಯ ಲೌಡ್ ಸ್ಪೀಕರಲ್ಲಿ ಏನೋ ಹೇಳಿದ್ರು, ತಂಗಿ ತಮ್ಮ ತಿಂಡಿ ಬಿಟ್ಟು ಎದ್ದ. ಮೇಲಿನ ಸಾಲಲ್ಲಿ ಒಬ್ಬರು ತೀರಿಕೊಂಡಿದ್ರು. ಅಲ್ಲಿ ಸಾವಾದ್ರೆ ಯಂಗ್ ಮಿಜೋ ಅಸೋಸಿಯೇಷನ್ ಹುಡುಗರು, 1935ರಲ್ಲಿ ಶುರುವಾದ ಸಂಘ ಅದು, ಗುಂಡಿ ತೋಡೋದು, ಕುರ್ಚಿ ಹಾಕೋದು, ರಾತ್ರಿ ಆ ಮನೇಲಿ ಹಾಡ್ತಾ ಕೂರೋದು ಎಲ್ಲ ಅವರೇ. ಕೂಲಿಯವರನ್ನ ಕರೆಯೋ ಮಾತೇ ಇಲ್ಲ. ಆಫೀಸರ್ ಮಗನೂ ಗುದ್ದಲಿ ಹಿಡೀತಾನೆ, ಡ್ರೈವರ್ ಮಗನೂ ಹಿಡೀತಾನೆ. ಇದಕ್ಕೆ ಅವರಲ್ಲಿ ಒಂದು ಶಬ್ದ, ತ್ಲೋಮ್‌ಙಾಯ್‌ನಾ, ತನ್ನ ಕಷ್ಟ ಹಿಂದಿಟ್ಟು ಇನ್ನೊಬ್ಬರಿಗೆ ಕೇಳದೇ ಆಗೋದು ಅಂತ ತಂಗಿ ಬಿಡಿಸಿ ಹೇಳಿದ್ಲು. ಮೊದಲ ದಿನ ಬ್ಯಾಗ್ ಹೊತ್ತ ಹುಡುಗರು ನೆನಪಾದ್ರು. ಕ್ರೈಸ್ತರಾಗೋ ಮೊದಲೇ ಇದ್ದ ಗುಣ ಇದು, ಸುವಾರ್ತೆ ಅದರ ಮೇಲೆ ಬಂದು ಕೂತದ್ದು, ಅದಕ್ಕೇ ಬೇರು ಗಟ್ಟಿ ಅಂತ ನನಗನ್ನಿಸ್ತದೆ.

ನಾವೂ ಹೋದ್ವಿ. ಒಳಗೆ ಬಂದವರು ಸಣ್ಣ ದುಡ್ಡು ಕೊಡ್ತಾರೆ, ರಾಲ್ನಾ ಅಂತಾರೆ. ನಾನು 500ರ ನೋಟು ತೆಗೆದೆ, ತಂಗಿ ಮೆಲ್ಲ ನನ್ನ ಕೈ ತಡೆದು ಬೇಡ ಅಕ್ಕಾ, ಎಲ್ಲರೂ ಕೊಡೋವಷ್ಟೇ ಕೊಡಿ ಅಂದ್ಲು. ಜಾಸ್ತಿ ಕೊಟ್ಟರೆ ಕಡಿಮೆ ಕೊಟ್ಟವರು ಚಿಕ್ಕವರಾಗ್ತಾರೆ. ಊರಲ್ಲಿ ನಮ್ಮ ಚರ್ಚಿನ ಬೆಳೆಹಬ್ಬಕ್ಕೆ ಜನ ತಂದು ಕೊಟ್ಟ ಬೆಳೆಯ ಹರಾಜು ನೆನಪಾಯ್ತು. ಒಂದು ಕುಂಬಳಕಾಯಿಗೆ ಐದು ಸಾವಿರ ಕೂಗಿದವರ ಹೆಸರು ಮೈಕಲ್ಲಿ ಎರಡು ಸಲ ಹೇಳ್ತೇವೆ. ದುಡ್ಡು ಒಳ್ಳೇ ಕೆಲಸಕ್ಕೇ ಹೋಗ್ತದೆ, ಅದು ತಪ್ಪಲ್ಲ, ಆದ್ರೆ ಹಿಂದಿನ ಬೆಂಚಲ್ಲಿ ಕೂತ ಬಡವಿಯ ಸೌತೆಕಾಯಿಯನ್ನ ನಾವು ಯಾವತ್ತೂ ಅಷ್ಟು ಜೋರಾಗಿ ಕೂಗಿಲ್ಲ.

ಸಂಜೆ ಡರ್ಟ್‌ಲಾಂಗ್ ಗುಡ್ಡಕ್ಕೆ ಹೋಗಿ ಬಂದ್ವಿ, 1928ರಲ್ಲಿ ವೇಲ್ಸ್ ಮಿಷನ್‌ನವರು ಶುರು ಮಾಡಿದ ಆಸ್ಪತ್ರೆ ಅಲ್ಲಿ ಉಂಟು, ಈಗ ಇಲ್ಲಿನ ಸಭೆಯವರೇ ನಡೆಸ್ತಾರೆ. ಗಾಳಿ ಚಳಿ, ಸ್ವೆಟರ್ ಬೇಕು.

ದಿನ 5, ಮಂಗಳವಾರ

ಸೆಲಿಂಗ್ ಕಡೆ. ಅಲ್ಲಿ ಹೆದ್ದಾರಿ ಪಕ್ಕ ಙಾ ಲೋ ದೋರ್, ಅಂದ್ರೆ ಕಾಯೋರಿಲ್ಲದ ಅಂಗಡಿಗಳು. ಟ್ಯಾಕ್ಸಿ ಮಾಡ್ಕೊಂಡು ಹೋದ್ವಿ, ರಸ್ತೆ ಕೆಸರು, ಎರಡು ಕಡೆ ಮಣ್ಣು ಕುಸಿದು ಜೆಸಿಬಿ ತೆಗೀತಾ ಇತ್ತು, ಎರಡೂವರೆ ಗಂಟೆ ಆಯ್ತು, ವಾಂತಿ ಮಾತ್ರೆ ಇಟ್ಕೊಳ್ಳಿ.

ಅಂಗಡಿ ಅಂದ್ರೆ ನಾಲ್ಕು ಬಿದಿರಿನ ಕಂಬ, ತಗಡಿನ ಮಾಡು. ಸೀಮೆಬದನೆ, ಬಾಳೆಹಣ್ಣು, ಶುಂಠಿ, ಪ್ಯಾಶನ್ ಫ್ರೂಟ್ ಕಟ್ಟು ಕಟ್ಟು ಮಾಡಿ ತೂಗು ಹಾಕಿದ್ರು, ರಟ್ಟಿನ ಮೇಲೆ ರೇಟ್, ಪಕ್ಕ ದುಡ್ಡಿನ ಡಬ್ಬಿ. ಚಿಲ್ಲರೆ ಬೇಕಿದ್ರೆ ನೀವೇ ಡಬ್ಬಿಯಿಂದ ತಗೋಬಹುದು. ನಾನು 20 ಹಾಕಿ ಹಣ್ಣಿನ ಚೀಲ ತಗೊಂಡೆ. ಮುಂದೆ ಹೋಗಿ ಚಹಾಕ್ಕೆ ನಿಂತಾಗ ಅಮ್ಮ ಫೋನಲ್ಲಿ ತೆಗೆದ ಫೋಟೊ ದೊಡ್ಡದು ಮಾಡಿ ನೋಡಿ "ಇದು 50 ಅಲ್ವನಾ?" ಅಂದ್ರು. 20 ಇದ್ದದ್ದು ಸೀಮೆಬದನೆಗೆ. ನಾನು ಬರುವಾಗ ಹಾಕಿದ್ರಾಯ್ತು ಅಂದೆ, ಅಷ್ಟರಲ್ಲಿ ಡ್ರೈವರ್ ಚಹಾ ಮುಗಿಸದೇ ಎದ್ದು ಗಾಡಿ ತಿರುಗಿಸಿ ಆಗಿತ್ತು.

ಆ ಹೊತ್ತಿಗೆ ಅಂಗಡಿಯವಳು ಬಂದಿದ್ಲು, ಬೆನ್ನಿಗೆ ಬುಟ್ಟಿ, ಬುಟ್ಟಿಯ ಪಟ್ಟಿ ಹಣೆಗೆ. ಡ್ರೈವರ್ ವಿಷಯ ಹೇಳಿದ. ಅವಳಿಗೆ 30 ರೂಪಾಯಿ ಸಿಕ್ಕಿದ್ದಕ್ಕಿಂತ ನಮ್ಮ ಪೆಟ್ರೋಲ್ ಖರ್ಚಾಯ್ತಲ್ಲ ಅಂತ ಬೇಜಾರು. ಅಂಗಡೀಲಿ ಕೂರಲ್ಲ ಯಾಕೆ ಅಂತ ಅಮ್ಮ ಕೇಳಿಸಿದ್ರು. ಗುಡ್ಡದ ಗದ್ದೇಲಿ ಈಗ ಕೊಯ್ಲು, ಕೂತ್ರೆ ಅಲ್ಲಿ ಯಾರು ಮಾಡ್ತಾರೆ, ಬೆಳಿಗ್ಗೆ ಇಟ್ಟು ಹೋದ್ರೆ ಸಂಜೆ ಬರೋದು ಅಂದ್ಲು. ಕಡಿಮೆ ಬಿದ್ದ ದಿನ? ಹಸಿದವರು ಯಾರೋ ತಗೊಂಡಿರ್ತಾರೆ ಅಂತ ಅಷ್ಟೇ. ಅಮ್ಮ ಅವಳ ಕೈ ಹಿಡ್ಕೊಂಡು ಬಿಡ್ಲಿಲ್ಲ ಸ್ವಲ್ಪ ಹೊತ್ತು. ಕತ್ತಿ ಹಿಡಿದು ಹಿಡಿದು ದಡ್ಡುಗಟ್ಟಿದ ಕೈ, ಅಂಗೈ ಗೆರೇಲಿ ಮಣ್ಣು.

ಅವತ್ತು ರಾತ್ರಿ ಅಜ್ಜಿ ಅಮ್ಮನ ಕಡೆ ಪಾತ್ರೆ ಸರಿಸಿದ್ರು, ಇವತ್ತು ನಿಮ್ಮ ಕೈ ಅಂತ. ಅಮ್ಮ ಸೆರಗಿಗೆ ಕೈ ಒರೆಸಿಕೊಂಡ್ರು, ಒಮ್ಮೆ ಅಲ್ಲ, ಎರಡು ಸಲ.

ದಿನ 6, ಬುಧವಾರ

ಹೊರಡುವಾಗ ಅಮ್ಮ ನಾವೂ ಊರಲ್ಲಿ ಶುರು ಮಾಡ್ತೇವೆ ಅಂದ್ರು. ಅಜ್ಜಿ ಖುಷಿಪಡ್ತಾರೆ ಅಂದ್ಕೊಂಡ್ರೆ ಒಂದೇ ಪ್ರಶ್ನೆ ಕೇಳಿದ್ರು, ತಗೊಳ್ಳಿಕ್ಕೆ ಮನೆಗೆ ಯಾರು ಬರ್ತಾರೆ? ಅಮ್ಮನ ಹತ್ತಿರ ಉತ್ತರ ಇರಲಿಲ್ಲ. ಅಜ್ಜಿ ಬಿಡಿಸಿ ಹೇಳಿದ್ರು, ಡಬ್ಬಿ ಇಡೋದು ಸುಲಭ, ಬಾಗಿಲು ತಟ್ಟೋರು ಇಲ್ಲದಿದ್ರೆ ಅಕ್ಕಿಗೆ ಹುಳ ಬೀಳ್ತದೆ. ನಾನು ದಾರಿಯುದ್ದಕ್ಕೂ ಅದನ್ನೇ ಯೋಚನೆ ಮಾಡ್ದೆ. ಮೂಲ್ಕಿ ಅಜ್ಜಿಯ ಕುಡಿಕೆ ನಿಂತದ್ದು ಭಕ್ತಿ ಕಡಿಮೆ ಆಗಿ ಅಂತ ನಾವೆಲ್ಲ ಅಂದ್ಕೊಂಡಿದ್ವಿ. ಅಜ್ಜಿಯ ಕೊನೇ ವರ್ಷಗಳಲ್ಲಿ ಆ ಓಣಿಯ ವಿಧವೆ ತೀರಿಹೋಗಿದ್ರು, ಚರ್ಚಿಂದ ಬರ್ತಿದ್ದವರು ಬಾಂಬೆಗೆ ಮಗನ ಮನೆಗೆ ಹೋಗಿದ್ರು, ಇದು ಅಮ್ಮನಿಗೆ ಗೊತ್ತಿದ್ದದ್ದೇ.

ಕೋಲ್ಕತ್ತಾ ಏರ್‌ಪೋರ್ಟಲ್ಲಿ ನಾಲ್ಕು ಗಂಟೆ ಕಾಯೋದಿತ್ತು. ನಾನು ಕಾಫಿ ತರ್ಲಿಕ್ಕೆ ಹೋಗಿ ಬರೋದ್ರೊಳಗೆ ಅಮ್ಮ ಬ್ಯಾಗಿಂದ ಡೈರಿ ತೆಗೆದು ವಿಮೆನ್ಸ್ ಫೆಲೋಶಿಪ್ಪಿನ ನಂಬರ್ ಒಂದೊಂದೇ ಹಚ್ತಾ ಇದ್ರು. ಮೊದಲನೆಯವರು ಮೊಣಕಾಲು ನೋವು ಅಂದ್ರು, ಎರಡನೆಯವರು ಫೋನ್ ಎತ್ತಲಿಲ್ಲ. ಮೂರನೆಯವರ ಹತ್ತಿರ ಅಮ್ಮ ಸುತ್ತಿ ಬಳಸಿ ಮಾತಾಡ್ಲೇ ಇಲ್ಲ. "ಶನಿವಾರ ಸಂಜೆ ನಿಮಗೆ ಎಂಥ ಕೆಲಸ? ಇಲ್ವಾ, ಹಾಗಾದ್ರೆ ಒಂದು ಬಟ್ಟೆ ಚೀಲ ತಗೊಂಡು ನಮ್ಮ ಮನೆಗೆ ಬನ್ನಿ, ನಾವಿಬ್ರೂ ಮೊದಲು ಕೆಳಗಿನ ಓಣಿಗೆ ಹೋಗುವ."